ಗೋಡೆಯೊಳಗಿಂದ ಹೋಗುವ ರಸ್ತೆ

ನಮ್ಮ ಊರಿನ ನಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು. ಫೋನಿದ್ದವರು, ಪುರುಸೊತ್ತಿದ್ದವರು, ಮನೆಯಲ್ಲಿ ಜಗಳವಾಡಿ ಸಿಟ್ಟು ತೀರಿಸಿಕೊಳ್ಳಲು ಬೇರೆ ಜಾಗ ಸಿಗದವರು, ಎಲ್ಲರೂ ಬರೆಯುತ್ತಾರೆ. ಬರೆದು ಎದ್ದು ಹೋಗುತ್ತಾರೆ. ಅವರು ಹೋದ ಮೇಲೆ ಹಿಂದಿನಿಂದ ಗುಡಿಸಿಕೊಂಡು ಬರುವುದು ನನ್ನಂಥವರ ಕೆಲಸ. ಸಂಬಳವಿಲ್ಲ, ರಜೆಯಿಲ್ಲ, ಒಳ್ಳೆಯ ಮಾತಂತೂ ಇಲ್ಲವೇ ಇಲ್ಲ. ಹೊಟ್ಟೆಪಾಡಿಗೆ ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತೇನೆ. ನಕ್ಷೆಯವರ ನಡುವೆ ನನ್ನ ಹೆಸರೂ ಅದೇ, ಕನ್ನಡಕ.

ಗುಡಿಸುವುದೆಂದರೆ ಏನು ಅಂತ ಹೇಳುತ್ತೇನೆ. ಒಂದೇ ಆಸ್ಪತ್ರೆಯನ್ನು ಮೂರು ಜನ ಮೂರು ಜಾಗದಲ್ಲಿ ಇಟ್ಟಿರುತ್ತಾರೆ. ಒಂದೇ ಬೀದಿಗೆ ಆ ತುದಿಯಿಂದ ಒಂದು ಹೆಸರು, ಈ ತುದಿಯಿಂದ ಇನ್ನೊಂದು. ಒಬ್ಬ ಮಹಾನುಭಾವ ಬಸ್ ನಿಲ್ದಾಣವನ್ನು ಕೆರೆಯ ನಟ್ಟನಡುವೆ ಇಟ್ಟಿದ್ದ. ಇನ್ನೊಬ್ಬ ತನ್ನ ಎರಡು ಕೋಣೆಯ ಮನೆಗೆ 'ಅರಮನೆ' ಎಂದು ಬರೆದು, ನೋಡಲೇಬೇಕಾದ ಸ್ಥಳ ಅಂತ ಗುರುತು ಬೇರೆ ಹಾಕಿದ್ದ. ಒಂದು ಭಾನುವಾರ ಕ್ಯಾಮೆರಾ ಹಿಡಿದ ಇಬ್ಬರು ಬಾಗಿಲು ತಟ್ಟಿ, ಬನಿಯನ್ನಿನಲ್ಲಿದ್ದ ಅವನನ್ನೇ ಕಾವಲುಗಾರ ಎಂದುಕೊಂಡ ಮೇಲೆ, ದಯವಿಟ್ಟು ಅಳಿಸಿಬಿಡಿ ಅಂತ ನನಗೆ ಸಂದೇಶ ಕಳಿಸಿ ಗೋಗರೆದ.

"ಅಟ್ಟ ಗುಡಿಸಿ ಅಂದ್ರೆ ಸೊಂಟ ನೋವು, ಊರು ಗುಡಿಸೋಕೆ ಮಾತ್ರ ಎತ್ತಿದ ಕೈ" ಎಂದು ನನ್ನ ಹೆಂಡತಿ ಮಾತು ಬಂದಾಗಲೆಲ್ಲ ಹೇಳುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಹೆಮ್ಮೆಯಿತ್ತು. ಹದಿನೈದು ವರ್ಷದಲ್ಲಿ ಈ ಊರಿನ ನಕ್ಷೆಯಲ್ಲಿ ಒಂದು ಗೆರೆ ಓರೆಯಾದರೆ ನನಗೆ ಅನ್ನ ಇಳಿಯದ ಮಟ್ಟಕ್ಕೆ ಬಂದಿದ್ದೆ.

ಇಷ್ಟು ದೊಡ್ಡ ಊರನ್ನು ಕಣ್ಣಲ್ಲೇ ನೋಡಿ ಸರಿ ಮಾಡಲಾಗುವುದಿಲ್ಲ. ಅದಕ್ಕೆ ಒಂದು ಪ್ರೋಗ್ರಾಂ ಇದೆ. ಪ್ರತಿ ವಾರ ಅದು ನಕ್ಷೆಯನ್ನೆಲ್ಲ ಜಾಲಾಡಿ, ಎಲ್ಲೆಲ್ಲಿ ಒಂದಕ್ಕೊಂದು ತಾಳೆಯಾಗುತ್ತಿಲ್ಲವೋ ಅಲ್ಲೆಲ್ಲ ಒಂದು ಕೆಂಪು ಚುಕ್ಕೆ ಇಡುತ್ತದೆ. ಚುಕ್ಕೆಗಳಲ್ಲಿ ಒಂದು ಬಗೆ ಹೀಗೆ: ಎರಡು ರಸ್ತೆಗಳ ತುದಿಗಳು ಒಂದು ಮೀಟರಿಗಿಂತ ಕಡಿಮೆ ದೂರದಲ್ಲಿ ಬಂದು ನಿಂತಿರುತ್ತವೆ, ಆದರೆ ಸೇರಿರುವುದಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಬರೆದವರ ಕೈ ಸ್ವಲ್ಪ ಮೊದಲೇ ನಿಂತಿರುತ್ತದೆ. ಕಣ್ಣಿಗೆ ಒಂದೇ ರಸ್ತೆಯ ಹಾಗೆ ಕಂಡರೂ ದಾರಿ ಹುಡುಕುವ ಫೋನಿಗೆ ಅದು ಎರಡು. ಒಂದು ತುದಿಯನ್ನು ಎಳೆದು ಇನ್ನೊಂದರ ಮೇಲೆ ಇಟ್ಟರೆ ಮುಗಿಯಿತು, ಚುಕ್ಕೆ ಮಾಯ.

ಐದು ವರ್ಷದ ಹಿಂದೆ ಒಂದು ರಜೆಯ ದಿನ, ಊಟ ಮುಗಿಸಿ ಕೂತವನು ಸಂಜೆಯೊಳಗೆ ಅಂಥ ಎಂಬತ್ತಮೂರು ಚುಕ್ಕೆ ಅಳಿಸಿದೆ. ಎಳೆ, ಇಡು, ಉಳಿಸು. ಎಳೆ, ಇಡು, ಉಳಿಸು. ಕೊನೆಯಲ್ಲಿ ಪಟ್ಟಿ ಖಾಲಿಯಾದಾಗ ಹೆಂಡತಿಯನ್ನು ಕರೆದು ತೋರಿಸಿದ್ದೂ ನೆನಪಿದೆ. ಅವಳು ಖಾಲಿ ಪರದೆಯನ್ನು ನೋಡಿ, "ಏನೂ ಇಲ್ವಲ್ಲ" ಎಂದಳು. ಅದೇ ಅಲ್ಲವೇ ಸಾಧನೆ ಅಂತ ನಾನು ಬೀಗಿದ್ದೆ.

ನನ್ನ ಅಕ್ಕನ ಮನೆ ಒಂದು ಗಲ್ಲಿಯ ಕೊನೆಯ ಮನೆ. ಗಲ್ಲಿ ಒಂದು ಗೋಡೆಗೆ ಬಂದು ಮುಗಿಯುತ್ತದೆ. ಕಲ್ಲಿನ ಹಳೆಯ ಗೋಡೆ, ಎರಡಾಳೆತ್ತರ, ಒಂದೂವರೆ ಅಡಿ ದಪ್ಪ. ಗೋಡೆಯ ಆ ಕಡೆ ಹಳೆಯ ಗೋದಾಮುಗಳ ಸಾಲು, ಅಲ್ಲಿಂದಲೂ ಒಂದು ರಸ್ತೆ ನೇರ ಬಂದು ಅದೇ ಗೋಡೆಗೆ ಮೂಗು ತಾಗಿಸಿ ನಿಲ್ಲುತ್ತದೆ. ಈ ಕಡೆಯಿಂದ ಆ ಕಡೆಗೆ ಹೋಗಬೇಕೆಂದರೆ ರೈಲು ಗೇಟು ಸುತ್ತಿಕೊಂಡು ಮೂರೂವರೆ ಕಿಲೋಮೀಟರ್.

ಬುಧವಾರ ಮಧ್ಯಾಹ್ನ ಭಾವನಿಗೆ ಎದೆ ಹಿಡಿದುಕೊಂಡಿತು. ಮನೆಯಲ್ಲಿ ಅಕ್ಕ ಒಬ್ಬಳೇ. ಫೋನ್ ಮಾಡಿದಳು, ಆಂಬುಲೆನ್ಸ್ ಹೊರಟಿತು. ಆರು ನಿಮಿಷಕ್ಕೆ ಸೈರನ್ ಕೇಳಿಸಿತಂತೆ. ಬಂತು ಬಂತು ಅಂತ ಅಕ್ಕ ಭಾವನಿಗೆ ಹೇಳಿದಳಂತೆ. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಗೋಡೆಯ ಆ ಕಡೆ ಬಂದು ನಿಂತುಬಿಟ್ಟಿತು. ಡ್ರೈವರ್ ಇಳಿದು ಗೋಡೆ ಬಡಿದದ್ದು, "ಅಮ್ಮಾ, ದಾರಿ ಎಲ್ಲಿ?" ಎಂದು ಕೂಗಿದ್ದು, ಅಕ್ಕ ಈ ಕಡೆಯಿಂದ ಕೂಗಿದ್ದು ಎಲ್ಲ ಭಾವನಿಗೂ ಕೇಳಿಸುತ್ತಿತ್ತು. ರೈಲು ಗೇಟು ಬೇರೆ ಹಾಕಿತ್ತು. ಸುತ್ತಿ ಬರುವಷ್ಟರಲ್ಲಿ ಹದಿನೆಂಟು ನಿಮಿಷವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನ ಮುಖ ನೋಡದೆ, "ಸ್ವಲ್ಪ ಮುಂಚೆ ತಂದಿದ್ರೆ ನೋಡಬಹುದಿತ್ತು" ಎಂದರು.

ನಾನು ಆ ಮಾತಿನ ಹೊತ್ತಿಗೆ ಅಲ್ಲೇ ಇದ್ದೆ. ಆಗ ನನಗೆ ಏನೂ ಹೊಳೆಯಲಿಲ್ಲ, ಡ್ರೈವರಿನ ಮೇಲೆ ಸಿಟ್ಟು ಬಂದಿತ್ತು ಅಷ್ಟೆ. ಮರುದಿನ ಬೆಳಿಗ್ಗೆ, ಅಕ್ಕನ ಮನೆಯ ಜಗಲಿಯಲ್ಲಿ ಕೂತು ಬರುವವರಿಗೆ ಕುರ್ಚಿ ಹಾಕುತ್ತಿದ್ದಾಗ, ಸುಮ್ಮನೆ ಫೋನ್ ತೆಗೆದು ಆ ಜಾಗದ ನಕ್ಷೆ ನೋಡಿದೆ. ಗಲ್ಲಿ ಗೋಡೆಯೊಳಗಿಂದ ನೇರವಾಗಿ ಹಾದು ಗೋದಾಮಿನ ರಸ್ತೆಗೆ ಸೇರಿತ್ತು. ಯಾವ ಕತ್ತೆ ಸೇರಿಸಿದ್ದು ಅಂತ ಇತಿಹಾಸದ ಪುಟ ತೆರೆದೆ. ನಮ್ಮ ನಕ್ಷೆಯಲ್ಲಿ ಯಾರು ಯಾವತ್ತು ಏನು ಮುಟ್ಟಿದರೂ ಅಲ್ಲಿ ದಾಖಲಾಗುತ್ತದೆ. ಐದು ವರ್ಷದ ಹಿಂದಿನ ತಾರೀಖು. "ಸಣ್ಣ ಅಂತರ ಸರಿಪಡಿಸಿದೆ." ಕನ್ನಡಕ.

ಗೋಡೆ ಗೊತ್ತಿಲ್ಲದವನಾಗಿದ್ದರೆ ಒಂದು ಮಾತು. ಆ ವರ್ಷವೇ ನಾನೂ ಭಾವನೂ ಸೇರಿ ಅದಕ್ಕೆ ಸುಣ್ಣ ಹೊಡೆದಿದ್ದೆವು, ಭಾವ ಏಣಿಯ ಮೇಲೆ, ನಾನು ಕೆಳಗೆ ಬಕೆಟ್ ಹಿಡಿದು. ಸುಣ್ಣ ನನ್ನ ತಲೆಗೆ ಬಿದ್ದಾಗ, "ಈಗ ನೋಡು, ವಯಸ್ಸಿಗೆ ಸರಿಯಾಗಿ ಕಾಣ್ತಿದ್ದೀಯ" ಎಂದು ನಕ್ಕಿದ್ದರು. ಆದರೆ ಚುಕ್ಕೆ ಅಳಿಸುವಾಗ ನಾನು ಬೀದಿ ನೋಡುತ್ತಿರಲಿಲ್ಲ, ಚುಕ್ಕೆ ನೋಡುತ್ತಿದ್ದೆ. ಎಂಬತ್ತಮೂರರಲ್ಲಿ ಒಂದು ನನ್ನ ಅಕ್ಕನ ಮನೆಯ ಬಾಗಿಲು ಅಂತ ನನಗೆ ಗೊತ್ತೇ ಆಗಲಿಲ್ಲ.

ಅಲ್ಲೇ ಕೂತು ಆ ಎರಡು ತುದಿಗಳನ್ನು ಬಿಡಿಸಿದೆ. "ಇಲ್ಲಿ ಗೋಡೆ ಇದೆ" ಎಂದು ಬರೆದು ಉಳಿಸಿದೆ. ಇನ್ನೊಬ್ಬರಿಗೆ ಹೀಗಾಗದಿರಲಿ ಅಂತ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧವನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ತಿಂಗಳು ಹಿಡಿಯಿತು.

ಅಕ್ಕ ಆಂಬುಲೆನ್ಸಿನವರ ಮೇಲೆ ದೂರು ಕೊಟ್ಟಳು. ಬರೆದುಕೊಟ್ಟವನು ನಾನೇ, ನನ್ನ ಅಕ್ಷರ ಚೆನ್ನಾಗಿದೆ ಅಂತ. ದಾರಿ ಗೊತ್ತಿಲ್ಲದವನನ್ನು ಕಳಿಸಿ ನನ್ನ ಗಂಡನನ್ನು ಕೊಂದಿರಿ ಎಂದು ಅವಳು ಹೇಳಿದಳು, ನಾನು ಬರೆದೆ. ಪೆನ್ನು ನಿಲ್ಲಲಿಲ್ಲ. ಹಾಗೆ ನಿಲ್ಲದ ಕೈಯ ಬಗ್ಗೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ. ಡ್ರೈವರನ್ನು ಕೆಲಸದಿಂದ ತಡೆದು ವಿಚಾರಣೆ ಶುರು ಮಾಡಿದರು.

ಮೂರು ವಾರದ ನಂತರ ಒಂದು ಸಂಜೆ ಆ ಡ್ರೈವರ್ ಅಕ್ಕನ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿ ಬಿಟ್ಟು ಒಳಗೆ ಬಂದು ನಿಂತೇ ಇದ್ದ. ಕೂತುಕೊಳ್ಳಿ ಎಂದು ಅಕ್ಕನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

"ಅಮ್ಮಾ, ಕ್ಷಮೆ ಕೇಳೋಕೆ ಮುಖ ಇಲ್ಲ. ಆದ್ರೂ ಒಂದು ಮಾತು ಹೇಳಿ ಹೋಗ್ತೀನಿ. ಅವತ್ತು ಫೋನ್ ಆ ದಾರಿ ತೋರಿಸ್ತು. ಸತ್ಯವಾಗ್ಲೂ ತೋರಿಸ್ತು. ಹನ್ನೊಂದು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಒಂದ್ಸಲನೂ ಹೀಗಾಗಿಲ್ಲ."

"ಫೋನ್ ಮೇಲೆ ಹಾಕ್ತೀರಾ ಈಗ?" ಎಂದಳು ಅಕ್ಕ.

"ಮೇಲಿನವರೂ ಅದನ್ನೇ ಕೇಳ್ತಿದ್ದಾರೆ. ನನ್ನೆದುರೇ ತೆಗೆದು ನೋಡಿದ್ರು. ದಾರಿ ಇಲ್ಲ. ನಾನೂ ಮನೇಲಿ ದಿನಾ ತೆಗೆದು ನೋಡ್ತೀನಿ. ಇಲ್ಲ. ಹೆಂಡತಿ ಹೇಳ್ತಾಳೆ, ಗಾಬರೀಲಿ ನಿಮಗೇ ಏನೋ ಕಂಡಿರಬೇಕು ಅಂತ. ನನಗೂ ಈಗೀಗ ಹಾಗೇ ಅನ್ಸೋಕೆ ಶುರುವಾಗಿದೆ."

ಅಕ್ಕ ನನ್ನ ಕಡೆ ತಿರುಗಿದಳು. "ಮರಿ, ನೀನು ಈ ಮ್ಯಾಪಿನ ಕೆಲಸ ಮಾಡ್ತೀಯಲ್ಲ. ನೀನೇ ಹೇಳು. ಅಲ್ಲಿ ದಾರಿ ಇತ್ತಾ?"

"ಅಲ್ಲಿ ಗೋಡೆ ಇದೆ ಅಕ್ಕ" ಎಂದೆ.

ಹೇಳಿದ್ದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಬಂತು. ಅಕ್ಕ ಡ್ರೈವರನ್ನು ನೋಡಿ, "ನಿಮ್ಮವರು ಸಾಯೋದನ್ನ ನೀವೂ ಗೋಡೆ ಈಚೆ ಕೂತು ಕೇಳಿಸ್ಕೊಳ್ಳೋ ಹಾಗಾಗ್ಲಿ" ಎಂದಳು. ನನ್ನ ಅಕ್ಕ ಜನ್ಮದಲ್ಲಿ ಯಾರಿಗೂ ಶಾಪ ಹಾಕಿದವಳಲ್ಲ. ಅವನು ತಲೆತಗ್ಗಿಸಿ ಹೋದ. ಚಪ್ಪಲಿ ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಎಡಬಲ ತಿಳಿಯದವನ ಹಾಗೆ ತಡಕಾಡಿದ.

ಅದಾಗಿ ಹತ್ತು ದಿನಕ್ಕೆ ಇನ್ನೊಂದು ಶುರುವಾಯಿತು. ನಕ್ಷೆಯವರಲ್ಲಿ ಸೂಜಿ ಎಂಬ ಹೆಸರಿನವನೊಬ್ಬನಿದ್ದಾನೆ. ಎಲ್ಲೋ ದೂರದ ಊರಿನವನು, ನಮ್ಮ ಊರಿಗೆ ಕಾಲಿಟ್ಟವನಲ್ಲ. ಪ್ರೋಗ್ರಾಂ ಎಲ್ಲಿ ಚುಕ್ಕೆ ಇಟ್ಟರೆ ಅಲ್ಲಿ ಬಂದು ಹೊಲಿದು ಹೋಗುವುದೇ ಅವನ ಕಸುಬು. ನಾನು ಬಿಡಿಸಿಟ್ಟ ತುದಿಗಳ ಮೇಲೆ ಮತ್ತೆ ಕೆಂಪು ಚುಕ್ಕೆ ಎದ್ದಿತ್ತು. ಸೂಜಿ ಬಂದು ಹೊಲಿದಿದ್ದ. "ಸಣ್ಣ ಅಂತರ ಸರಿಪಡಿಸಿದೆ" ಎಂದು ನನ್ನದೇ ಮಾತು ಬರೆದಿದ್ದ.

ಬಿಡಿಸಲು ಕೈ ಹಾಕಿದವನು ನಿಲ್ಲಿಸಿದೆ. ಈಗ ಡ್ರೈವರ್ ಫೋನ್ ತೆಗೆದರೆ ದಾರಿ ಕಾಣುತ್ತದೆ. ಓಡಿಹೋಗಿ ಮೇಲಿನವರಿಗೆ ತೋರಿಸುತ್ತಾನೆ. ಅವನು ಉಳಿದುಕೊಳ್ಳುತ್ತಾನೆ, ನಾನೂ ಬಾಯಿ ತೆರೆಯಬೇಕಾಗಿಲ್ಲ. ಹಾಗೇ ಬಿಟ್ಟೆ. ಎರಡು ದಿನ ಬಿಟ್ಟೆ. ಆ ಎರಡು ದಿನ ಅಂಗಡಿಯ ಮುಂದೆ ಸೈರನ್ ಕೇಳಿದಾಗಲೆಲ್ಲ ಉಜ್ಜುವುದನ್ನು ಬಿಟ್ಟು ಹೊರಗೆ ಬಂದು, ಗಾಡಿ ಯಾವ ಕಡೆ ಹೋಯಿತೆಂದು ನೋಡುತ್ತಿದ್ದೆ. ಅಕ್ಕನ ಗಲ್ಲಿಯಲ್ಲಿ ಹದಿನಾಲ್ಕು ಮನೆಗಳಿವೆ, ಅದರಲ್ಲಿ ಆರರಲ್ಲಿ ಮುದುಕರಿದ್ದಾರೆ, ಒಂದರಲ್ಲಿ ಬಸುರಿ. ಎರಡನೆಯ ದಿನ ಸಂಜೆ ಮೂರನೆಯ ಸೈರನ್ನಿಗೆ ತಡೆಯಲಾಗದೆ ಬಿಡಿಸಿಬಿಟ್ಟೆ. ಡ್ರೈವರ್ ಅಷ್ಟರಲ್ಲಿ ದಿನಾ ನೋಡುವುದನ್ನು ನಿಲ್ಲಿಸಿದ್ದಿರಬೇಕು ಎಂದು ಆಮೇಲೆ ಅನ್ನಿಸಿತು.

ಈ ಸಲ ಕಲ್ಲಿನ ಗೋಡೆಯನ್ನೇ ಒಂದು ಗೆರೆಯಾಗಿ ಬರೆದೆ, ಪ್ರೋಗ್ರಾಮಿಗೂ ಬುದ್ಧಿ ಬರಲಿ ಅಂತ. ನಕ್ಷೆಯಲ್ಲಿ ಮೊದಲೇ ಇದ್ದ ಗೋದಾಮುಗಳ ಆವರಣದ ಗೆರೆಯೂ ನನ್ನ ಗೋಡೆಯೂ ಒಂದರ ಮೇಲೊಂದು ಬಂದವು. ವಾರದೊಳಗೆ ಇನ್ನೊಬ್ಬರು, ಒಂದೇ ಗೆರೆ ಎರಡು ಸಲ ಬಂದಿದೆ ಅಂತ ಗೋಡೆಯನ್ನು ಅಳಿಸಿದರು. ಗೋಡೆ ಹೋದ ಮೇಲೆ ಸೂಜಿ ಬಂದು ಹೊಲಿದ. ನಾನು ಬಿಡಿಸಿದೆ. ಅವನು ಹೊಲಿದ. "ಗೋಡೆ ಇರುವುದಕ್ಕೆ ಸಾಕ್ಷಿ?" ಎಂದು ಬರೆದ. ಫೋಟೋ ಕಳಿಸಿದೆ. "ಈ ಫೋಟೋ ಇದೇ ಜಾಗದ್ದು ಎನ್ನುವುದಕ್ಕೆ ಸಾಕ್ಷಿ?" ಎಂದ. ಮೈಯೆಲ್ಲ ಉರಿದುಹೋಯಿತು. ಆದರೆ ಬೈಯಲು ಬಾಯಿ ಬರಲಿಲ್ಲ. ಹದಿನೈದು ವರ್ಷದಲ್ಲಿ ಊರಿನ ಎಷ್ಟೋ ಅಮಾಯಕರಿಗೆ ನಾನು ಕೇಳಿದ ಪ್ರಶ್ನೆ ಅದೇ. ನಮ್ಮ ಮನೆ ಎದುರು ರಸ್ತೆ ಇಲ್ಲ ಸ್ವಾಮಿ ಅಂತ ಬರೆದವರಿಗೆಲ್ಲ ನಾನೂ ಸಾಕ್ಷಿ ಕೇಳಿದ್ದೆ.

ಕೊನೆಗೆ ಇತಿಹಾಸದ ಪುಟವನ್ನೇ ಅಚ್ಚು ತೆಗೆಸಿದೆ. ಮೂರು ಹಾಳೆ. ಐದು ವರ್ಷದ ಹಿಂದೆ ಸೇರಿಸಿದವನು ಕನ್ನಡಕ, ಭಾವ ಹೋದ ಮರುದಿನ ಬಿಡಿಸಿದವನೂ ಕನ್ನಡಕ. ಆ ಬುಧವಾರ ಫೋನಿನಲ್ಲಿ ದಾರಿ ಇತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಕಿರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಮೊದಲು ವಿಚಾರಣೆ ಕಚೇರಿಗೆ ಹೋಗಿ. ಆಮೇಲೆ ಅಕ್ಕನ ಹತ್ರ ಹೋಗಿ. ಇವತ್ತೇ ಹೋಗಿ" ಎಂದಳು. ತಮಾಷೆ ಮಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ವಿಚಾರಣೆಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಅವರ ಕನ್ನಡಕದ ಎಡಗಡೆ ಕಡ್ಡಿ ಸಡಿಲವಾಗಿತ್ತು, ಮಾತಿಗೊಮ್ಮೆ ಮೇಲೆ ತಳ್ಳಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಕೊಡಿ ಮೇಡಂ ಅಂತ ಅಲ್ಲೇ ಬಿಗಿ ಮಾಡಿಕೊಡುತ್ತಿದ್ದೆ. ಮೂರು ಹಾಳೆಯನ್ನೂ ಗಮನವಿಟ್ಟು ಓದಿದರು.

"ಈ ಕನ್ನಡಕ ಅನ್ನೋರು ಯಾರು?"

"ನಾನೇ ಮೇಡಂ."

"ನೀವು ಮೃತರ ಮನೆಯವರಲ್ವಾ? ದೂರು ಬರೆದಿರೋ ಅಕ್ಷರನೂ ನಿಮ್ಮದೇ ಅಂತ ಈಗ ತಾನೇ ಅಂದ್ರಿ."

"ಹೌದು ಮೇಡಂ."

"ಅಂದ್ರೆ ದಾರಿ ಹಾಕಿದ್ದೂ ನೀವೇ, ತೆಗೆದಿದ್ದೂ ನೀವೇ, ದೂರು ಬರೆದಿದ್ದೂ ನೀವೇ. ಈಗ ಈ ಹಾಳೆ ತಂದಿರೋದೂ ನೀವೇ." ಅವರಿಗೆ ಸಿಟ್ಟು ಬಂದಿರಲಿಲ್ಲ, ಸುಸ್ತಾಗಿತ್ತು. "ಯಾರು ಬೇಕಾದ್ರೂ ಬರೀಬಹುದಾದ ಪುಸ್ತಕದಿಂದ ಒಂದು ಹಾಳೆ ತಂದು ಸಾಕ್ಷಿ ಅಂದ್ರೆ ನಾನೇನು ಮಾಡ್ಲಿ ಹೇಳಿ."

"ಇತಿಹಾಸದ ಪುಟ ಯಾರೂ ತಿದ್ದೋಕೆ ಆಗಲ್ಲ ಮೇಡಂ. ಡ್ರೈವರನ್ನ ಕರೆಸಿ. ಅವರ ಎದುರೇ ಹೇಳ್ತೀನಿ."

ಅವರು ಕಡತದಿಂದ ಒಂದು ಕಾಗದ ತೆಗೆದು ನನ್ನ ಕಡೆ ತಿರುಗಿಸಿದರು. ಡ್ರೈವರ್ ಬರೆದುಕೊಟ್ಟದ್ದು, ಹದಿನೇಳು ದಿನದ ಹಿಂದೆ. ಗಾಬರಿಯಲ್ಲಿ ತಪ್ಪು ರಸ್ತೆಗೆ ತಿರುಗಿದೆ, ಫೋನ್ ದಾರಿ ತೋರಿಸಿತು ಎಂದು ಹೇಳಿದ್ದು ನನ್ನ ಭ್ರಮೆ, ಆ ಮನೆಯವರಲ್ಲೇ ಈ ಕೆಲಸ ತಿಳಿದವರೊಬ್ಬರಿದ್ದರು, ಅವರೂ ಗೋಡೆ ಇದೆ ಎಂದೇ ಹೇಳಿದರು, ತಪ್ಪು ನನ್ನದೇ, ಇನ್ನು ಮುಂದೆ ಗಾಡಿ ಓಡಿಸುವ ಧೈರ್ಯ ನನಗಿಲ್ಲ. ಕೆಳಗೆ ಸಹಿ.

"ಕೇಸು ಮುಗಿದಿದೆ. ಅವರು ಮನೆ ಖಾಲಿ ಮಾಡ್ಕೊಂಡು ಹೋಗಿದ್ದಾರೆ, ಎಲ್ಲಿಗೆ ಅಂತ ನಮಗೂ ಹೇಳಿಲ್ಲ. ನಿಮ್ಮ ಹಾಳೆಗಳನ್ನ ಕಡತಕ್ಕೆ ಸೇರಿಸ್ತೀನಿ, ಅಷ್ಟು ಮಾಡಬಲ್ಲೆ" ಎಂದರು ಅಧಿಕಾರಿ. ಆ ಕಾಗದದಲ್ಲಿದ್ದ ಅವನ ನಂಬರಿಗೆ ಮೆಟ್ಟಿಲ ಮೇಲೆ ನಿಂತು ಒಂಬತ್ತು ಸಲ ಫೋನ್ ಮಾಡಿದೆ. ಚಾಲ್ತಿಯಲ್ಲಿಲ್ಲ ಎಂದು ಒಂಬತ್ತು ಸಲವೂ ಅದೇ ದನಿ ಹೇಳಿತು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಅಕ್ಕ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹಗ್ಗದ ಒಂದು ತುದಿ ಅದೇ ಕಲ್ಲಿನ ಗೋಡೆಯ ಮೊಳೆಗೆ ಕಟ್ಟಿತ್ತು. ನನ್ನ ಮುಖ ನೋಡಿ, "ಊಟ ಆಯ್ತಾ?" ಎಂದಳು. ಆಗಿಲ್ಲ ಎಂದರೆ ಬಡಿಸಿಬಿಡುತ್ತಾಳೆ, ಬಡಿಸಿದ ಮೇಲೆ ನಾನು ಹೇಳಲಾರೆ ಎಂದು ಗೊತ್ತಿತ್ತು. ನಿಂತಲ್ಲೇ ಹೇಳಿದೆ. ಚುಕ್ಕೆಯಿಂದ ಹಿಡಿದು ಡ್ರೈವರಿನ ಕಾಗದದವರೆಗೆ, ಏನೂ ಬಿಡದೆ, ತಡವರಿಸಿಕೊಂಡು ಹೇಳಿದೆ. ಹೇಳುವಾಗ ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸುವ ಹೊತ್ತಿಗೆ ಬುಟ್ಟಿ ತುಂಬಿತ್ತು.

"ನಿನಗೆ ಈ ಗೋಡೆ ಗೊತ್ತಿರ್ಲಿಲ್ವಾ?" ಎಂದಳು.

"ಗೊತ್ತಿತ್ತು ಅಕ್ಕ."

"ಗೊತ್ತಿದ್ದೂ?"

"ನೋಡ್ಲಿಲ್ಲ. ಯಾವ ಜಾಗ ಅಂತಾನೇ ನೋಡ್ಲಿಲ್ಲ."

ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ಅದು ಹೋಗ್ಲಿ. ಅದು ಕೈ ತಪ್ಪು ಅಂತಾನೇ ಇಟ್ಕೊಳ್ಳೋಣ. ಅವತ್ತು ಆ ಮನುಷ್ಯ ಇದೇ ಮನೇಲಿ ನಿಂತಿದ್ದ. ನಾನು ನಿನ್ನನ್ನ ಕೇಳ್ದೆ. ಆಗ ನೋಡ್ತಾ ಇದ್ದೆ ತಾನೆ?"

ಐವತ್ತೆರಡರ ಗಂಡಸು ನಾನು, ಅಕ್ಕನ ಹಿತ್ತಲಲ್ಲಿ ನಿಂತು ಗೊಳೋ ಎಂದು ಅತ್ತೆ. ಅವಳು ಹತ್ತಿರ ಬರಲಿಲ್ಲ. ಚಿಕ್ಕವನಿದ್ದಾಗ ನಾನು ಬಿದ್ದರೆ ನನಗಿಂತ ಮೊದಲು ಅವಳು ಅಳುತ್ತಿದ್ದಳು. ಈಗ ನಾನು ಮುಗಿಸುವವರೆಗೂ ನಿಂತು ನೋಡುತ್ತಿದ್ದಳು.

"ಅವನಿಗೆ ನಾನಂದ ಮಾತನ್ನ ಈಗ ಯಾರಿಗೆ ಹೇಳಿ ವಾಪಸ್ ತಗೊಳ್ಳಲಿ?" ಎಂದಳು. ಆಮೇಲೆ, "ಈಗ ಹೇಗಿದೆ ಅದು? ತೆಗಿ ನೋಡೋಣ" ಎಂದಳು.

ಫೋನ್ ತೆಗೆದೆ. ಬೆಳಿಗ್ಗೆ ಹತ್ತೂಕಾಲಿಗೆ ಸೂಜಿ ಮತ್ತೆ ಹೊಲಿದಿದ್ದ. ಗಲ್ಲಿ ನಾವು ನಿಂತ ಜಾಗದ ಪಕ್ಕದಲ್ಲೇ ಹಾದು, ಗೋಡೆಯೊಳಗಿಂದ ಆ ಕಡೆಗೆ ಹೋಗಿತ್ತು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಇಷ್ಟೇನಾ?" ಎಂದಳು. ಅವಳ ಎದುರೇ ಬಿಡಿಸಿದೆ. ಉಗುರಿನಷ್ಟು ಜಾಗ ಖಾಲಿಯಾಯಿತು, ಅದೂ ಸರಿಯಾಗಿ ಕಾಣಿಸುವುದಿಲ್ಲ.

"ನಾಳೆ ಮತ್ತೆ ಸೇರಿಸ್ತಾರಾ?"

"ಸೇರಿಸಬಹುದು."

"ನೀನು?"

"ಬಿಡಿಸ್ತೀನಿ. ದಿನಾ ನೋಡ್ತೀನಿ ಅಕ್ಕ. ನಾನು ಇರೋವರೆಗೂ ನೋಡ್ತೀನಿ."

"ನೋಡು. ಈ ಗಲ್ಲೀಲಿ ಇನ್ನೂ ಜನ ಇದ್ದಾರೆ, ನೋಡಲೇಬೇಕು" ಎಂದಳು ಅಕ್ಕ. ಬುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು. "ಆದ್ರೆ ಅದನ್ನ ನಿಮ್ಮ ಮನೇಲೇ ಕೂತು ನೋಡು. ಇನ್ನು ಇಲ್ಲಿಗೆ ಬರಬೇಡ."

ಒಳಗೆ ಹೋಗಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡಳು. ನಾನು ಮನೆಯ ಪಕ್ಕದ ಸಂದಿಯಿಂದ ಗಲ್ಲಿಗೆ ಬಂದು ಬಸ್ ನಿಲ್ದಾಣದ ಕಡೆ ನಡೆದೆ.